ದೂರದಿಂದಲೇ ಕಾಣುವ ಕುದುರೆ: ಅಫಿಂಗ್ಟನ್‌ಗೆ ಹೋಗುವವರಿಗೆ

ಕಾರು ನಿಲ್ಲಿಸಿ, ಹುಲ್ಲಿನ ಗುಡ್ಡ ಹತ್ತಿ, ಕುದುರೆಯ ಪಕ್ಕದಲ್ಲೇ ನಿಂತ ಮೇಲೆ ಅಪ್ಪ ಕೇಳಿದರು, "ಎಲ್ಲೋ ಕುದುರೆ?"

ಅವರ ಕಾಲಿನಿಂದ ಎರಡು ಮಾರು ದೂರದಲ್ಲೇ ಅದರ ಬೆನ್ನಿತ್ತು. ಆದರೆ ಅಲ್ಲಿಂದ ನೋಡಿದರೆ ಹುಲ್ಲಿನ ನಡುವೆ ಒಂದು ಬಿಳಿ ಪಟ್ಟೆ, ಅದು ತಿರುಗಿ ಕೆಳಗೆ ಇಳಿದು ಮಾಯವಾಗುತ್ತದೆ. ಅಷ್ಟೇ. ಹಾಸನದಿಂದ ಬಂದವರನ್ನು ರೆಡಿಂಗ್‌ನಿಂದ ಒಂದು ಗಂಟೆ ಕೂರಿಸಿಕೊಂಡು ಬಂದು ತೋರಿಸಿದ್ದು ಒಂದು ಕಾಲುದಾರಿಯನ್ನು ಅನ್ನೋ ಹಾಗಾಯಿತು. ತಪ್ಪು ನನ್ನದೇ. ನೀವು ಅದೇ ತಪ್ಪು ಮಾಡಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಇದು ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಅಫಿಂಗ್ಟನ್ ಊರಿನ ಮೇಲಿರುವ ಗುಡ್ಡದಲ್ಲಿ ಬಿಡಿಸಿರುವ ಬಿಳಿ ಕುದುರೆ. ಉದ್ದ ಸುಮಾರು 110 ಮೀಟರ್. ಗುಡ್ಡದ ಮೇಲಿನ ಅಂಚಿನಲ್ಲಿ, ಇಳಿಜಾರು ಬಾಗುವ ಜಾಗದಲ್ಲಿದೆ. ಹಾಗಾಗಿ ತಲೆ ಕಂಡರೆ ಕಾಲು ಕಾಣಲ್ಲ, ಕಾಲು ಕಂಡರೆ ಬಾಲ ಕಾಣಲ್ಲ. ಪೂರ್ತಿ ಚೆನ್ನಾಗಿ ಕಾಣೋದು ವಿಮಾನದಿಂದ. ಅದು ಬಿಟ್ಟರೆ ಕೆಳಗಿನ ಬಯಲಿನಿಂದ. ದೂರದ ಬೆಟ್ಟ ನುಣ್ಣಗೆ ಅಂತ ನಾವು ಕೊಂಕು ಮಾತಾಡುತ್ತೇವೆ. ಇಲ್ಲಿ ಮಾತ್ರ ದೂರದ ಬೆಟ್ಟವೇ ಸರಿ.

ಆದ್ದರಿಂದ ಮೊದಲ ಮಾತು: ನೇರ ಗುಡ್ಡಕ್ಕೆ ಹೋಗಬೇಡಿ. ಆಕ್ಸ್‌ಫರ್ಡ್ ಕಡೆಯಿಂದ ಬರುವವರು ಎ420 ರಸ್ತೆಯಲ್ಲಿ ಫೇರಿಂಗ್ಡನ್‌ವರೆಗೆ ಬಂದು, ಅಲ್ಲಿಂದ ಫರ್ನಮ್, ಲಾಂಗ್‌ಕಾಟ್ ಕಡೆಯ ಹಳ್ಳಿ ರಸ್ತೆ ಹಿಡಿಯಿರಿ. ದಕ್ಷಿಣಕ್ಕೆ ಉದ್ದಕ್ಕೆ ಮಲಗಿದ ಗುಡ್ಡದ ಸಾಲಿನಲ್ಲಿ ಕುದುರೆ ಕಾಣುತ್ತದೆ. ಬೇಲಿಗಳ ನಡುವೆ ಒಮ್ಮೆ ಕಂಡು ಒಮ್ಮೆ ಮರೆಯಾಗುತ್ತದೆ. ಒಂದು ಬೈನಾಕ್ಯುಲರ್ ಇದ್ದರೆ ಇನ್ನೂ ಒಳ್ಳೆಯದು. ಕುದುರೆ ಇರುವ ಇಳಿಜಾರು ವಾಯವ್ಯಕ್ಕೆ ಮುಖ ಮಾಡಿದೆ. ಅದಕ್ಕೇ ಮಧ್ಯಾಹ್ನದ ಮೇಲಿನ ಬಿಸಿಲಿನಲ್ಲಿ ಅದು ಹೊಳೆಯುತ್ತದೆ, ಬೆಳಿಗ್ಗೆ ಮಂಕಾಗಿರುತ್ತದೆ. ನಾವು ಹೋಗಿದ್ದು ಬೆಳಿಗ್ಗೆ.

ಲಂಡನ್ ಅಥವಾ ರೆಡಿಂಗ್ ಕಡೆಯಿಂದಾದರೆ ಎಂ4 ಹೆದ್ದಾರಿ ಬಿಟ್ಟು ಒಳಗೆ ಬರಬೇಕು. ಲಂಡನ್‌ನಿಂದ ಸುಮಾರು ಎರಡು ಗಂಟೆ ಇಟ್ಟುಕೊಳ್ಳಿ. ಕೊನೆಯ ಕೆಲವು ಮೈಲಿ ರಸ್ತೆ ಕಿರಿದು, ಎದುರಿಗೆ ಟ್ರ್ಯಾಕ್ಟರ್ ಬಂದರೆ ಯಾರಾದರೂ ಒಬ್ಬರು ಹಿಂದೆ ಹೋಗಲೇಬೇಕು. ಆವತ್ತು ಹಿಂದೆ ಹೋದವರು ನಾವೇ. ಕಾರಿಲ್ಲದವರು ಪ್ಯಾಡಿಂಗ್ಟನ್‌ನಿಂದ ಸ್ವಿಂಡನ್‌ಗೆ ರೈಲು ಹಿಡಿಯಬಹುದು, ಸುಮಾರು ಒಂದು ಗಂಟೆ. ಅಲ್ಲಿಂದ ಟ್ಯಾಕ್ಸಿ. ಆದರೆ ವಾಪಸ್ ಬರುವ ಟ್ಯಾಕ್ಸಿಯನ್ನೂ ಆಗಲೇ ಹೇಳಿಟ್ಟುಕೊಳ್ಳಿ. ಗುಡ್ಡದ ಮೇಲೆ ನಿಂತು ಆ್ಯಪ್ ತೆರೆದರೆ ಗಾಡಿ ಬರುತ್ತದೆ ಅಂದುಕೊಂಡು ಹೋಗಬೇಡಿ.

ಜಾಗವನ್ನು ನೋಡಿಕೊಳ್ಳುವುದು ಹಳೆಯ ತಾಣಗಳನ್ನು ಕಾಪಾಡುವ ಸಂಸ್ಥೆ ನ್ಯಾಷನಲ್ ಟ್ರಸ್ಟ್. ನೋಡಲು ಟಿಕೆಟ್ ಇಲ್ಲ, ಪಾರ್ಕಿಂಗ್‌ಗೆ ಮಾತ್ರ ದುಡ್ಡು, ಸದಸ್ಯರಿಗೆ ಅದೂ ಇಲ್ಲ. ನನ್ನ ಫೋನಿನಲ್ಲಿ ಸಿಗ್ನಲ್ ಬಂದು ಹೋಗಿ ಮಾಡುತ್ತಿತ್ತು. ಪಾರ್ಕಿಂಗ್ ಆ್ಯಪನ್ನೂ ಮ್ಯಾಪನ್ನೂ ಮನೆಯಲ್ಲೇ ಇಳಿಸಿಕೊಂಡು ಹೊರಡಿ. ಕಾರು ನಿಲ್ಲಿಸಿದ ಜಾಗದಿಂದ ಮೇಲಕ್ಕೆ ಹುಲ್ಲಿನ ಮೇಲೇ ನಡೆಯಬೇಕು. ಅರವತ್ತೆಂಟರ ಅಪ್ಪ ನಿಂತು ನಿಂತು ಆರಾಮಾಗಿ ಹತ್ತಿದರು. ಮಂಡಿನೋವಿನ ಅಮ್ಮನಿಗೆ ಇಳಿಯುವಾಗಲೇ ಕಷ್ಟವಾಗಿದ್ದು.

ಬೂಟಿನ ವಿಷಯ ಹೇಳಲೇಬೇಕು. ಈ ಗುಡ್ಡವೇ ಸುಣ್ಣದ ಕಲ್ಲಿನದು, ಒದ್ದೆಯಾದರೆ ಸೋಪಿನ ಹಾಗೆ ಜಾರುತ್ತದೆ. ಹಿಂದಿನ ರಾತ್ರಿ ಮಳೆ ಬಂದಿತ್ತು. ಸಾಮಾನ್ಯ ವಾಕಿಂಗ್ ಶೂ ಹಾಕಿದ್ದ ನಾನು ದಾರಿಯಲ್ಲಿ ಕೂತೇಬಿಟ್ಟೆ. ಎದ್ದಾಗ ಪ್ಯಾಂಟಿನ ಹಿಂಭಾಗ, ಹೊಸದಾಗಿ ಸುಣ್ಣ ಹೊಡೆದ ಗೋಡೆಗೆ ಒರಗಿದವರ ಹಾಗೆ ಬೆಳ್ಳಗಾಗಿತ್ತು. ಅಮ್ಮ ಸೆರಗಿನ ತುದಿಯಿಂದ ಕೊಡವಿದರು, ಹೋಗಲಿಲ್ಲ. ಆಮೇಲೆ ನೆಲದಿಂದ ಒಂದು ಚೂರು ಎತ್ತಿ ಬೆರಳಲ್ಲಿ ಉಜ್ಜಿ ನೋಡಿದರು. "ಇದು ಸೀಮೆಸುಣ್ಣ ಅಲ್ವೇನೋ?" ಮೂವತ್ತು ವರ್ಷ ಮೇಷ್ಟ್ರಾಗಿದ್ದವರು, ಆ ಪುಡಿ ಅವರಿಗೆ ಗೊತ್ತಾಗದೆ ಇರುತ್ತಾ? ಹೌದು, ಚಾಕ್ ಅಂದರೆ ಇದೇ ಕಲ್ಲು. ಸೀಮೆಎಣ್ಣೆ, ಸೀಮೆಹಸು ಅಂತ ಪರದೇಶದಿಂದ ಬಂದದ್ದಕ್ಕೆಲ್ಲ ಸೀಮೆ ಸೇರಿಸಿದವರು ನಾವು. ಸೀಮೆಸುಣ್ಣದ ಸೀಮೆಗೇ ಬಂದಿದ್ದೆವು.

ಮೇಲೆ ಗಾಳಿ ಜೋರು. ಮೇ ತಿಂಗಳಲ್ಲೂ ಕಿವಿ ಮುಚ್ಚುವ ಟೋಪಿ ಬೇಕಾಯಿತು. ಸೀರೆ ಉಡುವವರಿದ್ದರೆ ಮೇಲೊಂದು ಉದ್ದದ ಜಾಕೆಟ್ ಇರಲಿ. ಕುರಿಗಳು ಮೇಯುತ್ತಿರುತ್ತವೆ, ದಾಟಿದ ಗೇಟನ್ನು ಹಾಕಿಕೊಂಡೇ ಮುಂದೆ ಹೋಗಿ.

ಕುದುರೆಯ ಮೇಲೆ ಕಾಲಿಡಬೇಡಿ. ಅದರ ಕಣ್ಣಿನ ಮೇಲೆ ನಿಂತು ಮೂರು ಸುತ್ತು ತಿರುಗಿದರೆ ಅಂದುಕೊಂಡಿದ್ದು ಆಗುತ್ತದೆ ಅನ್ನೋ ನಂಬಿಕೆ ಹಳೆಯದು. ಹಾಗೆ ತಿರುಗಿದವರಿಂದಲೇ ಸುಣ್ಣ ಸವೆಯುತ್ತದೆ. ಯಾಕೆಂದರೆ ಇದು ಸುಮ್ನೆ ಹುಲ್ಲು ಕೆರೆದು ಮಾಡಿದ ಚಿತ್ರವಲ್ಲ. ಕಾಲುವೆ ತೋಡಿ, ಅದರೊಳಗೆ ಪುಡಿ ಮಾಡಿದ ಸುಣ್ಣದ ಕಲ್ಲು ತುಂಬಿ ಜಜ್ಜಿದ್ದಾರೆ. ಕ್ರಿ.ಶ. 871ರಲ್ಲಿ, ಡೆನ್ಮಾರ್ಕ್ ಕಡೆಯಿಂದ ದಾಳಿ ಮಾಡಿದ ಡೇನರನ್ನು ಗೆದ್ದ ನೆನಪಿಗೆ ಇಲ್ಲಿಯ ಹಳೇ ರಾಜ ಆಲ್ಫ್ರೆಡ್ ಮಾಡಿಸಿದ್ದು ಅಂತ ಬಹಳ ಜನ ನಂಬಿದ್ದರು. 1990ರ ದಶಕದಲ್ಲಿ ಕಾಲುವೆಯ ತಳದ ಮಣ್ಣು ಪರೀಕ್ಷೆ ಮಾಡಿದರು. ಆ ಮಣ್ಣಿನ ಕಣಕ್ಕೆ ಕೊನೆಯ ಸಲ ಬಿಸಿಲು ಬಿದ್ದದ್ದು ಯಾವಾಗ ಅಂತ ಅಳೆಯುವ ವಿಧಾನ ಅದು. ಬಂದ ಉತ್ತರ ಕ್ರಿ.ಪೂ. 1380ರಿಂದ 550ರ ನಡುವೆ. ಆಲ್ಫ್ರೆಡ್ ಹುಟ್ಟುವ ಹೊತ್ತಿಗೇ ಈ ಕುದುರೆ ಮುದಿಯಾಗಿತ್ತು.

ನನಗೆ ಅದರ ವಯಸ್ಸಿಗಿಂತ ಹೆಚ್ಚು ಹಿಡಿಸಿದ್ದು ಬೇರೆ ವಿಷಯ. ಕೆಲವು ದಶಕ ಯಾರೂ ಮುಟ್ಟದೆ ಬಿಟ್ಟರೆ ಹುಲ್ಲು ಬೆಳೆದು ಕುದುರೆ ಮುಚ್ಚಿಹೋಗುತ್ತದೆ. ಅಂದರೆ ಸುಮಾರು ಮೂರು ಸಾವಿರ ವರ್ಷ ಯಾರಾದರೂ ಬಂದು ಹುಲ್ಲು ಕಿತ್ತು ಸುಣ್ಣ ತುಂಬುತ್ತಲೇ ಇದ್ದಾರೆ. ಭಾಷೆ ಬದಲಾಯಿತು, ದೇವರು ಬದಲಾದರು, ಈ ಕೆಲಸ ನಿಲ್ಲಲಿಲ್ಲ. ಹಿಂದೆ ಇದಕ್ಕೆ ಜಾತ್ರೆಯೇ ಸೇರುತ್ತಿತ್ತು, ಗುಡ್ಡದಿಂದ ಚೀಸ್ ಉರುಳಿಸಿ ಅದರ ಹಿಂದೆ ಓಡುತ್ತಿದ್ದರು. ಈಗ ಬೇಸಿಗೆಯಲ್ಲಿ ಸ್ವಯಂಸೇವಕರು ಮಂಡಿಯೂರಿ ಕೂತು ಸುತ್ತಿಗೆಯಿಂದ ಸುಣ್ಣ ಜಜ್ಜುತ್ತಾರೆ. ಯುಗಾದಿಗೆ ಮನೆಗೆ ಸುಣ್ಣ ಹೊಡೆಯೋ ಹಾಗೆ ಅಂದರು ಅಮ್ಮ. ಸೇರಿಕೊಳ್ಳುವ ಆಸೆ ಇದ್ದರೆ ಟ್ರಸ್ಟ್‌ನ ಪ್ರಕಟಣೆ ನೋಡುತ್ತಾ ಇರಿ. ಎರಡನೇ ಮಹಾಯುದ್ಧದಲ್ಲಿ ಮಾತ್ರ ಜರ್ಮನ್ ವಿಮಾನಗಳಿಗೆ ಗುರುತು ಸಿಗಬಾರದು ಅಂತ ಇದನ್ನು ಬೇಕೆಂದೇ ಮುಚ್ಚಿಟ್ಟಿದ್ದರು.

ಕುದುರೆಯ ಕೆಳಗೆ ತಲೆ ಸವರಿದ ಹಾಗೆ ಚಪ್ಪಟೆಯಾದ ಸಣ್ಣ ದಿಬ್ಬ ಕಾಣುತ್ತದೆ, ಡ್ರ್ಯಾಗನ್ ಹಿಲ್. ಸೇಂಟ್ ಜಾರ್ಜ್ ಡ್ರ್ಯಾಗನ್ ಕೊಂದ ಜಾಗವಂತೆ. ರಕ್ತ ಬಿದ್ದ ಕಡೆ ಹುಲ್ಲು ಬೆಳೆಯಲ್ಲ ಅಂತ ಬೋಳು ಜಾಗವೊಂದನ್ನು ತೋರಿಸುತ್ತಾರೆ. ಗುಡ್ಡದ ನೆತ್ತಿಯಲ್ಲಿ ಕಬ್ಬಿಣ ಯುಗದ ಕೋಟೆ ಇದೆ. ಕೋಟೆ ಅಂದ ಕೂಡಲೇ ಚಿತ್ರದುರ್ಗ ನೆನೆಸಿಕೊಳ್ಳಬೇಡಿ. ಮಣ್ಣಿನ ದಂಡೆ ಮತ್ತು ಕಂದಕ, ಅಷ್ಟೇ. ಗಾಳಿ ತಪ್ಪಿಸಿಕೊಂಡು ಬುತ್ತಿ ಬಿಚ್ಚಲು ಆ ದಂಡೆಯ ಮರೆ ಹೇಳಿ ಮಾಡಿಸಿದ ಜಾಗ. ನಾವು ಪುಳಿಯೋಗರೆ ತಿಂದಿದ್ದು ಅಲ್ಲೇ. ಊಟ, ನೀರು, ಫ್ಲಾಸ್ಕಿನಲ್ಲಿ ಕಾಫಿ ಎಲ್ಲ ತೆಗೆದುಕೊಂಡೇ ಹೋಗಿ. ಶೌಚಾಲಯದ ಕೆಲಸವನ್ನೂ ದಾರಿಯ ಊರಿನಲ್ಲೇ ಮುಗಿಸಿಕೊಳ್ಳಿ.

ಕಾಲಿನಲ್ಲಿ ಶಕ್ತಿ ಇದ್ದರೆ ಕೋಟೆಯ ಪಕ್ಕದ ರಿಜ್‌ವೇ ಹಳೇ ದಾರಿಯಲ್ಲಿ ಪಶ್ಚಿಮಕ್ಕೆ ಸುಮಾರು 2 ಕಿಲೋಮೀಟರ್ ನಡೆಯಿರಿ. ಬೀಚ್ ಮರಗಳ ನಡುವೆ ವೇಲ್ಯಾಂಡ್ಸ್ ಸ್ಮಿಥಿ ಅನ್ನೋ ಶಿಲಾಯುಗದ ಸಮಾಧಿ ಸಿಗುತ್ತದೆ. ಕುದುರೆಗಿಂತ ಎರಡು ಸಾವಿರ ವರ್ಷಕ್ಕೂ ಹಳೆಯದು. ವೇಲ್ಯಾಂಡ್ ಅನ್ನೋ ಕಮ್ಮಾರ ಅಲ್ಲಿದ್ದಾನಂತೆ. ಕುದುರೆ ಕಟ್ಟಿ ಒಂದು ಕಾಸಿಟ್ಟು ಹೋದರೆ, ವಾಪಸ್ ಬರುವಷ್ಟರಲ್ಲಿ ಲಾಳ ಹೊಡೆದಿರುತ್ತಾನಂತೆ. ಕಲ್ಲಿನ ಸಂದಿಯಲ್ಲಿ ಜನ ಈಗಲೂ ಕಾಸು ಸಿಕ್ಕಿಸುತ್ತಾರೆ. ಕಲ್ಲಿಗೆ ಅದು ಒಳ್ಳೆಯದಲ್ಲ, ಬೇಡ. ಅಪ್ಪ ಜೇಬಿನಿಂದ ಐದು ರೂಪಾಯಿ ತೆಗೆದು, ಅವನಿಗೆ ನಮ್ಮ ದುಡ್ಡು ನಡೆಯಲ್ಲ ಬಿಡು ಅಂತ ಮತ್ತೆ ಒಳಗಿಟ್ಟರು.

ಸಂಜೆ ನೇರ ಮನೆ ಕಡೆ ತಿರುಗದೆ, ಬಯಲಿನ ಕಡೆ ಸುತ್ತು ಹಾಕಿದೆ. ಲಾಂಗ್‌ಕಾಟ್ ಹತ್ತಿರ ಒಂದು ಹೊಲದ ಗೇಟಿನ ಮುಂದೆ ಕಾರು ನಿಲ್ಲಿಸಿದಾಗ ಬಿಸಿಲು ಗುಡ್ಡದ ಮೇಲೆ ಬಿದ್ದಿತ್ತು. ಅಪ್ಪ ಗೇಟಿಗೆ ಕೈಯೂರಿ ನಿಂತು ಕಣ್ಣು ಕಿರಿದು ಮಾಡಿಕೊಂಡು ನೋಡಿದರು. ಬಾಯಿ ಯಾಕೆ ಹಕ್ಕಿ ಕೊಕ್ಕಿನ ಹಾಗಿದೆ ಅಂದರು. ನಂತರ ಕಾಲು ಎಣಿಸಿದರು.

"ಎರಡು ಕಾಲು ಮೈಗೆ ಅಂಟೇ ಇಲ್ಲವಲ್ಲೋ."

ನಾನೂ ನೋಡಿದೆ. ನಿಜ, ನಡುವೆ ಹುಲ್ಲಿದೆ.

"ಓಡ್ತಾ ಇದೆಯಲ್ರೀ, ಅದಕ್ಕೇ," ಅಂದರು ಅಮ್ಮ, ಕಾರಿನಿಂದ ಇಳಿಯದೆಯೇ.