ಕಾಲು ನೋವು ಇಟ್ಕೊಂಡು ಕಾಸರಗೋಡಿಂದ ಗೋವಾ ಟ್ರಯಥ್ಲಾನಿಗೆ: ಬಸ್ಸಲ್ಲಿ ಮಾತ್ರ ಹೋಗ್ಬೇಡಿ ಮಾರಾಯ್ರೆ

ನಮ್ಮ ಕಡೆಯಿಂದ ಯಾರಾದ್ರೂ ಗೋವಾದ ಐರನ್‌ಮ್ಯಾನ್ 70.3ಗೆ ಹೋಗುವ ಅಂದಾಜಲ್ಲಿದ್ರೆ, ಅದೂ ಕಾಲಲ್ಲಿ ಎಂತಾದ್ರೂ ನೋವು ಇಟ್ಕೊಂಡು, ಮೊದಲೇ ಹೇಳ್ತೇನೆ, ಈಜು ಸೈಕಲ್ ಓಟ ಮೂರೂ ಹೇಗೋ ಆಗ್ತದೆ, ಹೋಗುವ ದಾರಿಯದ್ದೇ ರಗಳೆ. ನನ್ನ ಕಾಲು ರೇಸಲ್ಲಿ ಹಾಳಾದ್ದಲ್ಲ, ಮಂಗಳೂರಿಂದ ಪಣಜಿಗೆ ಹೋದ ಒಂದು ರಾತ್ರಿ ಬಸ್ಸಲ್ಲಿ ಹಾಳಾದ್ದು.

ಗೊತ್ತಿಲ್ಲದವರಿಗೆ, 70.3 ಅಂದ್ರೆ ಮೈಲಿ ಲೆಕ್ಕ, ನಮ್ಮ ಲೆಕ್ಕದಲ್ಲಿ 113 ಕಿಲೋಮೀಟರ್. ಸಮುದ್ರದಲ್ಲಿ 1.9 ಈಜು, 90 ಸೈಕಲ್, 21.1 ಓಟ, ಎಲ್ಲ ಸೇರಿ ಎಂಟೂವರೆ ಗಂಟೆ ಒಳಗೆ ಮುಗಿಸ್ಬೇಕು. ಈಜಿಗೆ 1 ಗಂಟೆ 10 ನಿಮಿಷ, ಅದು ದಾಟಿತೋ ಬಟ್ಟೆ ಒಣಗಿಸಿ ಮನೆಗೆ. ನಾನು ಹೋದದ್ದು 2024ರ ಅಕ್ಟೋಬರ್ 27ರದ್ದಕ್ಕೆ, ತೇಜಸ್ವಿ ಸೂರ್ಯ ಮುಗಿಸಿ ಪೇಪರಲ್ಲೆಲ್ಲ ಬಂತಲ್ಲ, ಅದೇ. ಅವರು 8 ಗಂಟೆ 27 ನಿಮಿಷ 32 ಸೆಕೆಂಡು. ನಾನು 8:07, ಆದ್ರೆ ನನ್ನದು ಪೇಪರಲ್ಲಿ ಬರ್ಲಿಲ್ಲ.

ಕಾಲಿನ ಕತೆ ಪೊಸಡಿಗುಂಪೆಯಿಂದ ಶುರು. ಜುಲೈಯಲ್ಲಿ ಹೊಸ ಶೂ ತಗೊಂಡೆ, ಹಿಮ್ಮಡಿ ಎತ್ತರ ಇಲ್ಲದ ಚಪ್ಪಟೆಯದ್ದು, ಅದನ್ನು ಹಾಕ್ಕೊಂಡು ಗುಡ್ಡ ಓಡಿ ಹತ್ತಿದೆ, ಮರುದಿನ ಬೆಳಿಗ್ಗೆ ಎದ್ದು ಬಚ್ಚಲಿಗೆ ಹೋಗ್ಲಿಕ್ಕೆ ಗೋಡೆ ಹಿಡಿಯಬೇಕಾಯ್ತು. ಎಡಗಾಲಿನ ಹಿಮ್ಮಡಿ ಮೇಲೆ ಹಗ್ಗದ ಹಾಗೆ ಇರ್ತದಲ್ಲ, ಅಕಿಲಿಸ್ ಟೆಂಡನ್, ಅದು ನಡುವಲ್ಲಿ ಅಡಕೆ ಗಾತ್ರ ಊದಿತ್ತು. ಅಮ್ಮ ಮುರಿವೆಣ್ಣೆ ತಂದ್ರು, ಉಳುಕಿಗೆ ಹಚ್ಚುವ ಆಯುರ್ವೇದದ ಎಣ್ಣೆ. ಅದು ಹಚ್ಚಿದ್ರೆ ಮನೆಯಿಡೀ ಪರಿಮಳ ಬರ್ತದೆ ಬಿಟ್ರೆ ಊದಿದ್ದು ಇಳಿಯಲಿಲ್ಲ. ಒಬ್ಬರು ಅಲ್ಲಿಗೇ ಸ್ಟಿರಾಯ್ಡ್ ಇಂಜೆಕ್ಷನ್ ಹಾಕುವ ಅಂದ್ರು, ನಾನು ಓಡಿ ಬಂದೆ (ಕುಂಟಿ ಬಂದೆ ಅನ್ನಿ), ಆ ಟೆಂಡನ್ನಿಗೆ ಸ್ಟಿರಾಯ್ಡ್ ಚುಚ್ಚಿದ್ರೆ ಹರಿಯುವ ಅಪಾಯ ಉಂಟು. ಕಡೆಗೆ ಸಿಕ್ಕಿದ ಫಿಸಿಯೋ ಕೊಟ್ಟದ್ದು ಒಂದೇ ಮದ್ದು. ಜಗಲಿ ಮೆಟ್ಟಿಲಿನ ಅಂಚಲ್ಲಿ ಮುಂಗಾಲು ಇಟ್ಟು, ಒಳ್ಳೆ ಕಾಲಲ್ಲಿ ಏರಿ, ನೋವಿನ ಕಾಲಲ್ಲಿ ಮೆಲ್ಲ ಹಿಮ್ಮಡಿ ಕೆಳಗಿಳಿಸುವುದು. ಮೊಣಕಾಲು ನೇರ ಇಟ್ಟು 15ರ ಮೂರು ಸುತ್ತು, ಮಡಚಿ ಮೂರು ಸುತ್ತು, ಬೆಳಿಗ್ಗೆ ಸಂಜೆ, 12 ವಾರ. ದಿನಕ್ಕೆ 180 ಆಯ್ತು. ಪಕ್ಕದ ಮನೆಯ ಅಜ್ಜ ಇದನ್ನು ಎಂತದೋ ಹರಕೆ ಅಂತ ಗ್ರಹಿಸಿದ್ರು. ನೋವು ಹತ್ತರಲ್ಲಿ ಐದು ದಾಟದಿದ್ರೆ ಮುಂದುವರಿಸು, ಮರುದಿನ ಬೆಳಿಗ್ಗೆಗೆ ಇಳಿದಿರ್ಬೇಕು, ಇಳಿಯದಿದ್ರೆ ನಿನ್ನೆ ಮಾಡಿದ್ದು ಜಾಸ್ತಿ ಆಯ್ತು ಅಂತ ಲೆಕ್ಕ. ಮತ್ತೆ ಹಿಂದಿನಿಂದ ಯಾರೋ ಒದ್ದ ಹಾಗೆ ಫಟ್ ಅಂತ ಆಗಿ ತುದಿಗಾಲಲ್ಲಿ ನಿಲ್ಲಲಿಕ್ಕೇ ಆಗದಿದ್ರೆ ಹರಿದಿದೆ ಅಂತ ಅರ್ಥ, ಆಗ ರೇಸು ಗೀಸು ಬಿಟ್ಟು ಸೀದ ಆಸ್ಪತ್ರೆ.

ಓಟ ಪೂರ್ತಿ ನಿಂತಿತ್ತು, ಅದಕ್ಕೆ ಈಜೂ ಸೈಕಲೂ ಜಾಸ್ತಿ ಮಾಡಿದೆ. ಸೆಪ್ಟೆಂಬರ್‌ವರೆಗೆ ನಮ್ಮ ಸಮುದ್ರಕ್ಕೆ ಇಳಿಯುವ ಹಾಗೇ ಇಲ್ಲ, ತೋಟದ ಮೇಲಿನ ಮದಕದಲ್ಲೇ (ಮಳೆನೀರು ನಿಲ್ಲುವ ಕೆರೆ) ಆಚೆ ಈಚೆ. ಮೊಸಳೆಗೇ ಹೆಸರಾದ ಅನಂತಪುರ ದೇವಸ್ಥಾನದ ಕೆರೆಯಲ್ಲಿ ಪ್ರಾಕ್ಟೀಸ್ ಮಾಡು, ಮೊಸಳೆ ಹಿಂದೆ ಬಂದ್ರೆ ಟೈಮಿಂಗ್ ಸರಿಯಾಗ್ತದೆ ಅಂತ ಫ್ರೆಂಡ್ಸ್ ತಮಾಷೆ. ಸೈಕಲಿಗೆ ಚೆರ್ಕಳ–ಕಲ್ಲಡ್ಕ ರಸ್ತೆ, ಬದಿಯಡ್ಕ ದಾಟಿ ಪೆರ್ಲ, ಅಡ್ಕಸ್ಥಳ, ವಿಟ್ಲ, ಏರು ಇಳಿ ಬೇಕಾದಷ್ಟು. ಹೈವೇ ಬೇಡ. ಶೂ ಅಡಿಯ ಕ್ಲೀಟ್ (ಪೆಡಲಿಗೆ ಸಿಕ್ಕಿಸುವ ತುಂಡು) ಹಿಂದಕ್ಕೆ ಸರಿಸಿದ್ರೆ ಮೀನಖಂಡಕ್ಕೆ ಎಳೆತ ಕಡಿಮೆ, ಇದೊಂದು ಮರೀಬೇಡಿ.

ಈಗ ಬಸ್ಸು. ರೈಲಿಗೆ ಟಿಕೆಟ್ ತಡ ಮಾಡಿದ್ದು ನನ್ನದೇ ತಪ್ಪು, ವೈಟಿಂಗ್ ಲಿಸ್ಟ್ ಅಲ್ಲಾಡಲೇ ಇಲ್ಲ. ವಂದೇ ಭಾರತ್ ನೋಡಿದೆ, ಮಂಗಳೂರಿಂದ ಮಡಗಾಂವ್‌ಗೆ, ಆದ್ರೆ ಅದರಲ್ಲಿ ಸೈಕಲ್ ಹಾಕ್ಲಿಕ್ಕೆ ಪಾರ್ಸೆಲ್ ಬೋಗಿ ಇಲ್ಲ. ಹಾಗೆ ಒಂದು ಪ್ರೈವೇಟ್ ಬಸ್ಸಿನವನಿಗೆ ಫೋನ್ ಮಾಡಿದೆ, ಸೈಕಲಿಗೆ 400 ಅಂದ, ಆಯ್ತು. ಅಣ್ಣ ಜೀಪಲ್ಲಿ ಮಂಗಳೂರಿಗೆ ತಂದು ಬಿಟ್ಟು ಹೋದ, ಜೀಪು ತಿರುಗಿ ಮರೆಯಾದ ಮೇಲೆ ಕಂಡಕ್ಟರ್ 1500 ಅಂತ ಶುರು ಮಾಡಿದ. ಫೋನಲ್ಲಿ 400 ಹೇಳಿದ್ದಲ್ವಾ ಅಂದ್ರೆ "ಅದು ಮಕ್ಕಳ ಸೈಕಲಿಗೆ". ಹಾಗಾದ್ರೆ ಬೇಡ ಅಂದ್ರೆ "ಇಳಿಸಿ, ಟಿಕೆಟ್ ದುಡ್ಡು ವಾಪಸ್ ಇಲ್ಲ". ರಾತ್ರಿ ಹತ್ತೂವರೆ, ಬ್ಯಾಗು ಎರಡು, ಸೈಕಲ್ ಒಂದು, ಎಂತ ಮಾಡುದು, ಕೊಟ್ಟೆ. ನಾನು ಕೆಳಗಿನ ಸ್ಲೀಪರ್ ಬುಕ್ ಮಾಡಿದ್ದು, ಬಸ್ಸು ಬದಲಾಗಿದೆ ಅಂತ ಹಿಂದಿನ ಕೊನೆಯ ಸೀಟು ಕೊಟ್ಟ, ಹಿಂದಕ್ಕೆ ಬಾಗದ್ದು, ಅಡಿಯಲ್ಲಿ ಚಕ್ರ ಇರುವ ಕಾರಣ ಕಾಲು ಚಾಚ್ಲಿಕ್ಕೆ ಜಾಗ ಇಲ್ಲ. ಊಟಕ್ಕೆ ನಿಲ್ಲಿಸಿದಲ್ಲಿ ಇಳಿದ್ರೆ ಎಡಗಾಲು ನೆಲಕ್ಕೆ ಊರ್ಲಿಕ್ಕೆ ಆಗ್ತಿಲ್ಲ, ಮೀನಖಂಡ ಕಲ್ಲು. ಮೂರು ತಿಂಗಳ ಮೆಟ್ಟಿಲು ಇಳಿದದ್ದೆಲ್ಲ ಹತ್ತು ಗಂಟೆಯಲ್ಲಿ ಹೊಳೆಗೆ ಹಾಕಿದ ಹಾಗೆ. ಪಣಜಿಯಲ್ಲಿ ಡಿಕ್ಕಿ ತೆಗೆದ್ರೆ ನನ್ನ ಸೈಕಲ್ ಮೇಲೆ ಯಾರದೋ ನೀರಿನ ಪಂಪು ಮಲಗಿದೆ! ಹಿಂದಿನ ಗೇರ್ ಹ್ಯಾಂಗರ್, ಅಂದ್ರೆ ಗೇರನ್ನು ಫ್ರೇಮಿಗೆ ಹಿಡಿಸುವ ತುಂಡು, ಸೊಟ್ಟ, ದೊಡ್ಡ ಗೇರಿಗೆ ಹಾಕಿದ್ರೆ ಚಕ್ರದ ಕಡ್ಡಿಗೆ ತಾಗ್ತದೆ. ರೇಸಿನ ಜಾಗದಲ್ಲಿದ್ದ ಮೆಕಾನಿಕ್ ಹೇಗೋ ನೇರ ಮಾಡಿಕೊಟ್ಟ, ಆದ್ರೆ ಹ್ಯಾಂಗರ್ ಒಂದೊಂದು ಸೈಕಲಿಗೆ ಒಂದೊಂದು ನಮೂನೆ, ಎಲ್ಲಿಯೂ ಸಿಗುವುದಿಲ್ಲ, ನಿಮ್ಮದರದ್ದು ಒಂದು ಸ್ಪೇರ್ ಬ್ಯಾಗಲ್ಲಿರಲಿ.

ಹಾಗಾಗಿ ರೈಲು. ಕಾಸರಗೋಡಲ್ಲಿ ರೈಲು ನಿಲ್ಲುವುದು ಎರಡು ಮೂರು ನಿಮಿಷ, ಅಷ್ಟರಲ್ಲಿ ಸೈಕಲ್ ಹತ್ತಿತೋ ಇಲ್ವೋ ಅಂತ ಮಂಡೆಬೆಚ್ಚ ಬೇಡ, ಮಂಗಳೂರು ಸೆಂಟ್ರಲ್ಲಿಂದಲೇ ಹೊರಡುವ ಮತ್ಸ್ಯಗಂಧದ ಹಾಗಿನದ್ದಕ್ಕೆ ಟಿಕೆಟ್ ಮಾಡಿ, ಟಿಕೆಟ್ ತೋರಿಸಿ ಲಗೇಜ್ ಅಂತ ಬುಕ್ ಮಾಡಿ. ಕೊಂಕಣ ರೈಲ್ವೆಗೆ ಮಳೆಗಾಲದ ಟೈಮ್‌ಟೇಬಲ್ ಬೇರೆ ಉಂಟು, ಆ ವರ್ಷ ಅಕ್ಟೋಬರ್ 31ರವರೆಗೂ ಇತ್ತು, ಆ ಸಮಯದಲ್ಲಿ ರೈಲು ನಿಧಾನ. ಪಣಜಿಗೆ ಹತ್ತಿರದ ಸ್ಟೇಷನ್ ಕರ್ಮಲಿ, ಎಲ್ಲ ರೈಲು ಅಲ್ಲಿ ನಿಲ್ಲುವುದಿಲ್ಲ, ಮಡಗಾಂವಲ್ಲಿ ಇಳಿದ್ರೆ ಮತ್ತೆ ಮೂವತ್ತು ಚಿಲ್ಲರೆ ಕಿಲೋಮೀಟರ್. ರೇಸಿನ ಹಿಂದಿನ ದಿನವೇ ಸೈಕಲ್ ಒಪ್ಪಿಸಬೇಕು, ಅದಕ್ಕಿಂತ ಎರಡು ದಿನ ಮೊದಲಾದ್ರೂ ಅಲ್ಲಿರಿ.

ರೂಮು? ಆ ವಾರ ರೇಸ್ ನಡೆದ ಮಿರಾಮಾರ್ ಬೀಚಿನ ಹತ್ತಿರ ಎಲ್ಲದಕ್ಕೂ ಡಬಲ್ ರೇಟು. ನನಗೆ ಸಿಕ್ಕಿದ್ದು ಮೂರನೇ ಮಾಳಿಗೆ, ಲಿಫ್ಟಿಲ್ಲ. ಬುಕ್ ಮಾಡುವಾಗ ಲಿಫ್ಟ್ ಕೇಳಿ, ಎಸಿ ಆಮೇಲೆ ಕೇಳಿ.

ಒಂದೇ ಒಂದು ಸುಖ ಅಂದ್ರೆ ಗಂಜಿ. ಅಲ್ಲಿ ಎಲ್ಲರೂ ಪಾಸ್ಟಾ ಪಾಸ್ಟಾ ಅಂತ ಓಡ್ತಿದ್ರು, ಹಿಂದಿನ ದಿನ ಅನ್ನ ಹಿಟ್ಟು ಜಾಸ್ತಿ ತಿನ್ಬೇಕಲ್ಲ. ನಾನು ಕುಂಟ್ತಾ ಒಂದು ಓಣಿಯಲ್ಲಿ ಹೋಗುವಾಗ ಬೋರ್ಡಿಲ್ಲದ ಒಂದು ಅಂಗಡಿ, ನಾಲ್ಕು ಬೆಂಚು, ಒಬ್ಬ ಅಕ್ಕ ದೊಡ್ಡ ಅಲ್ಯೂಮಿನಿಯಂ ಪಾತ್ರೆಯಿಂದ ಎಂತದೋ ಬಗ್ಗಿಸ್ತಿದ್ರು, ಆ ಹಬೆಯ ಪರಿಮಳಕ್ಕೇ ಗೊತ್ತಾಯ್ತು ನನಗೆ, ಕುಚ್ಚಿಲಕ್ಕಿ! ಅವರು ಪೇಜ್ ಅಂತಾರೆ, ನಮ್ಮ ಗಂಜಿಯೇ, ಅಗುಳು ಸ್ವಲ್ಪ ಜಾಸ್ತಿ ಬೆಂದದ್ದು. ಅಕ್ಕನ ಊರು ಕಾರವಾರ, ನನ್ನ ಮುರುಕು ಹಿಂದಿ ಕೇಳಿ "ಕನ್ನಡದವ್ರಾ?" ಅಂದ್ರು, ಅಲ್ಲಿಂದ ಮತ್ತೆ ಬಟ್ಟಲು ಖಾಲಿಯಾಗ್ಲಿಕ್ಕೇ ಬಿಡ್ಲಿಲ್ಲ. ಬದಿಯಲ್ಲಿ ಮಿಸ್ಕೂಟ್ ಅಂತ ಮಾವಿನ ಉಪ್ಪಿನಕಾಯಿ, ಕೆಂಪು ಎಣ್ಣೆ ತೇಲುವಂತದ್ದು, ಮತ್ತೆ ಕೀಸ್ಮೂರ್ ಅಂತ ಒಣ ಸಿಗಡಿಗೆ ತೆಂಗಿನಕಾಯಿ ಹಾಕಿದ್ದು, ನಮ್ಮ ಎಟ್ಟಿ ಚಟ್ನಿಯ ಅಣ್ಣ. ಸಿಗಡಿ ರೇಸ್ ಮುಗಿದ ಮೇಲೆ ತಿನ್ನಿ, ಮೊದಲು ಬೇಡ. ಎರಡು ದಿನ ಮೂರು ಸಲ ಹೋದೆ, ಮೂರೂ ಸೇರಿ 200 ದಾಟಲಿಲ್ಲ. ಬೆಳಿಗ್ಗೆ ಹನ್ನೊಂದರ ನಂತರ ಹೋದ್ರೆ ಪಾತ್ರೆ ಕವುಚಿ ಹಾಕಿ ಆಗಿರ್ತದೆ.

ರೇಸ್ ಬಗ್ಗೆ ಜಾಸ್ತಿ ಹೇಳ್ಲಿಕ್ಕಿಲ್ಲ. ಈಜು 52 ನಿಮಿಷ, ನೀರು ಬೆಚ್ಚಗೆ, ಉಪ್ಪು ಬಾಯಿ ತುಂಬ. ಯಾರೂ ಹೇಳದ ವಿಷಯ ಮರಳು. ನೀರಿಂದ ಎದ್ದು ಸೈಕಲ್ ಇರುವಲ್ಲಿಗೆ ಮಿರಾಮಾರಿನ ಅಗಲದ ಮರಳು ದಾಟಬೇಕು, ಎಲ್ಲರೂ ಓಡ್ತಾರೆ, ನೀವು ಓಡ್ಬೇಡಿ. ಮೆತ್ತನೆ ಮರಳಲ್ಲಿ ಹಿಮ್ಮಡಿ ಹೂತು ಹೋಗ್ತದೆ, ಟೆಂಡನ್ ಪೂರ್ತಿ ಎಳೀತದೆ, ನನಗೆ ಇಡೀ ದಿನದಲ್ಲಿ ಅತಿ ಹೆಚ್ಚು ನೋವಾದ್ದು ಆ ನಡಿಗೆಯಲ್ಲೇ. ಪಾದ ಚಪ್ಪಟೆ ಇಟ್ಟು ಮೆಲ್ಲ ಹೋಗಿ, ಸೈಕಲ್ ಹತ್ತುವಾಗ 11 ನಿಮಿಷ ಆಗಿತ್ತು, ಆಗ್ಲಿ. ಇನ್ನೊಂದು, ಟೈಮ್ ಚಿಪ್ಪಿನ ಪಟ್ಟಿ. ಚೈನಿಗೆ ಸಿಕ್ಕದಿರ್ಲಿ ಅಂತ ಎಡಗಾಲಿಗೆ ಕಟ್ಟುದು, ನನ್ನ ನೋವಿನ ಕಾಲೂ ಎಡದ್ದೇ, ಒದ್ದೆ ಪಟ್ಟಿ ಸರೀ ಆ ಊದಿದ ಜಾಗಕ್ಕೇ ಉಜ್ಜಿ ಚರ್ಮ ಕಿತ್ತು ಬಂತು. ಒಳಗೆ ಮೆತ್ತನೆ ಬಟ್ಟೆ ಹೊಲಿಸ್ಕೊಂಡು ಹೋಗಿ, ಇಲ್ಲಾಂದ್ರೆ ಒಂದಿಷ್ಟು ಮೇಲೆ ಕಟ್ಟಿ.

ಸೈಕಲ್ 3 ಗಂಟೆ 34. ಓಟ ಅಂತ ಹೆಸರಿಗೆ, ಶೂ ಒಳಗೆ ಹಿಮ್ಮಡಿಗೆ ಒಂದು ಸೆಂಟಿಮೀಟರ್ ತುಂಡು ಇಟ್ಟು ನಾಲ್ಕು ನಿಮಿಷ ಓಟ ಒಂದು ನಿಮಿಷ ನಡಿಗೆ ಅಂತ ಶುರು ಮಾಡಿದ್ದು ಹನ್ನೆರಡನೇ ಕಿಲೋಮೀಟರಿಗೆ ಉಲ್ಟಾ ಆಯ್ತು, ಬಿಸಿಲಿಗೆ ತಲೆಗೆ ನೀರು ಸುರ್ಕೊಂಡು ಸುರ್ಕೊಂಡು 3 ಗಂಟೆ 22. ನೋವಿನ ಮಾತ್ರೆ ನುಂಗಿ ಓಡುವವರು ತುಂಬ ಜನ, ಬೆವರಿ ನೀರು ಕಮ್ಮಿಯಾದ ಮೈಗೆ ಅದು ಹೋದ್ರೆ ಕಿಡ್ನಿಗೆ ಪೆಟ್ಟು, ಮತ್ತೆ ನೋವೇ ಗೊತ್ತಾಗದಿದ್ರೆ ಎಲ್ಲಿ ನಿಲ್ಲಬೇಕು ಅಂತ ಗೊತ್ತಾಗುದು ಹೇಗೆ.

ವಾಪಸ್ ರೈಲಲ್ಲೇ. ಕಾಸರಗೋಡಲ್ಲಿ ಇಳಿಯುವಾಗ ನಮ್ಮ ಕಡೆಯ ಲಾಸ್ಟ್ ಬಸ್ಸು ಹೋಗಿ ಆಗಿತ್ತು. ಆಟೋದವ ಸೈಕಲ್ ನೋಡಿದ, ಕುಂಟುವ ಕಾಲು ನೋಡಿದ, ಕೈಮೇಲಿನ ಮಾಸಿದ ನಂಬರ್ ನೋಡಿದ, ಮಲಯಾಳದಲ್ಲಿ ಆಕ್ಸಿಡೆಂಟಾ ಅಂತ ಕೇಳಿದ. ಅಲ್ಲ ಮಾರಾಯ, ದುಡ್ಡು ಕೊಟ್ಟು ಮಾಡಿಸ್ಕೊಂಡದ್ದು ಅಂತ ಹೇಳ್ಲಿಕ್ಕೆ ಬಾಯಿ ತೆರೆದವ ಹೌದು ಅಂದುಬಿಟ್ಟೆ. ಐವತ್ತು ರೂಪಾಯಿ ಕಡಿಮೆ ತಗೊಂಡ.