ನಾಟಕಕ್ಕೆ ಜಾಗ ನೋಡುವುದು: ಅಂಗಳ, ಗದ್ದೆ, ಕೇರಿ

ಶಿವಮೊಗ್ಗದಲ್ಲಿ ಕುವೆಂಪು ರಂಗಮಂದಿರ ಇದೆ, ಹೆಗ್ಗೋಡಿನಲ್ಲಿ ಶಿವರಾಮ ಕಾರಂತ ರಂಗಮಂದಿರ ಇದೆ. ಆದರೂ ಕೇರಿಯವರೇ ಸೇರಿ ಕಟ್ಟುವ ನಾಟಕವನ್ನು ಕೇರಿಯಲ್ಲೇ ಆಡಬೇಕು. ರಂಗಮಂದಿರದ ಮೆಟ್ಟಿಲು ಹತ್ತದ ಅಜ್ಜಿ ಪಕ್ಕದ ಮನೆಯ ಅಂಗಳಕ್ಕೆ ಬಂದೇ ಬರುತ್ತಾರೆ. ಆದರೆ ರಂಗಮಂದಿರದಲ್ಲಿ ತಾನಾಗಿ ಸಿಗುವ ಕತ್ತಲೆ, ನಿಶ್ಶಬ್ದ, ಎತ್ತರ, ಕರೆಂಟು, ಈ ನಾಲ್ಕನ್ನೂ ಅಂಗಳದಲ್ಲಿ ನಾವೇ ಒದಗಿಸಿಕೊಳ್ಳಬೇಕು. ನಾಲ್ಕರಲ್ಲಿ ನಿಶ್ಶಬ್ದವೇ ಕಷ್ಟದ್ದು. ಕತ್ತಲೆ ಸ್ವಲ್ಪ ಕಡಿಮೆಯಾದರೂ ನಾಟಕ ನಡೆದೀತು, ಮಾತು ಕೇಳಿಸದಿದ್ದರೆ ನಡೆಯದು. ಹಾಗಾಗಿ ಜಾಗ ನೋಡುವ ಕೆಲಸ ಶುರುವಾಗುವುದೇ ಅಲ್ಲಿ ಹೋಗಿ ಸುಮ್ಮನೆ ಕೂತು ಕೇಳುವುದರಿಂದ.

ಕೂರಬೇಕಾದದ್ದು ಪ್ರದರ್ಶನದ ಹೊತ್ತಿಗೇ, ಪ್ರದರ್ಶನದ ವಾರದ ದಿನವೇ. ಹಗಲಲ್ಲಿ ನೋಡಿ ಒಪ್ಪಿದ ಜಾಗ ರಾತ್ರಿ ಕೈಕೊಡುತ್ತದೆ. ಹಗಲು ನೆಲದ ಹತ್ತಿರದ ಗಾಳಿ ಬಿಸಿಯಾಗಿರುವುದರಿಂದ ದೂರದ ಶಬ್ದ ಮೇಲಕ್ಕೆ ಬಾಗಿ ಹೋಗುತ್ತದೆ. ಹೊತ್ತು ಮುಳುಗಿದ ಮೇಲೆ ನೆಲ ತಣ್ಣಗಾಗಿ ತಂಪು ಗಾಳಿ ಕೆಳಗೆ, ಬೆಚ್ಚನೆಯದು ಮೇಲೆ ನಿಲ್ಲುತ್ತದೆ. ಆಗ ಅದೇ ಶಬ್ದ ನೆಲದ ಕಡೆಗೆ ಬಾಗುತ್ತದೆ. ಮಧ್ಯಾಹ್ನ ಕೇಳಿಸದ ಹೆದ್ದಾರಿಯ ಲಾರಿ ರಾತ್ರಿ 8 ಗಂಟೆಗೆ ಪಕ್ಕದ ಗದ್ದೆಯಲ್ಲೇ ಹೋದ ಹಾಗೆ ಕೇಳುವುದು ಇದರಿಂದಲೇ. ಮೋಡವಿಲ್ಲದ ಚಳಿಗಾಲದ ರಾತ್ರಿ, ಅದರಲ್ಲೂ ತಗ್ಗಿನ ಜಾಗದಲ್ಲಿ, ಇದು ಇನ್ನೂ ಹೆಚ್ಚು.

ನಾಟಕ ಎಷ್ಟು ಹೊತ್ತಿನದೋ ಅಷ್ಟು ಹೊತ್ತು ಕೂತು, ಕೇಳಿದ ಪ್ರತಿ ಶಬ್ದವನ್ನೂ ಸಮಯದ ಜೊತೆ ಬರೆದುಕೊಳ್ಳಿ: ಗುಡಿಯ ಮಂಗಳಾರತಿ, ಮಸೀದಿಯ ಆಜಾನ್, ರೈಲು, ಕೊನೆಯ ಬಸ್ಸು, ಎದುರು ಮನೆಯ ಟಿವಿ. ಹೊತ್ತು ಗೊತ್ತಿರುವ ಶಬ್ದದಿಂದ ತೊಂದರೆ ಇಲ್ಲ, ಅಲ್ಲಿಗೆ ಹಾಡನ್ನೋ ದೃಶ್ಯ ಬದಲಾವಣೆಯನ್ನೋ ಹೊಂದಿಸಬಹುದು. ಕೆಡಿಸುವುದು ನಿಲ್ಲದೆ ಬರುವ ಶಬ್ದ: ಪಂಪ್‌ಸೆಟ್, ಅಕ್ಕಿ ಗಿರಣಿ, ಬೇಕರಿಯ ದೊಡ್ಡ ಫ್ರಿಜ್ಜು. ಮುಸ್ಸಂಜೆಯ ಜೀರುಂಡೆ ಕತ್ತಲಾದ ಮೇಲೆ ಇಳಿಯುತ್ತದೆ. ಮಳೆ ಬಿದ್ದ ರಾತ್ರಿಯ ಕೆರೆಯ ಕಪ್ಪೆಗಳು ಇಳಿಯುವುದಿಲ್ಲ, ಕೆರೆ ಏರಿಯ ಪಕ್ಕದ ಜಾಗವನ್ನು ಮಳೆ ಶುರುವಾದ ಮೇಲೆ ನೆಚ್ಚಬೇಡಿ.

ಆಮೇಲೆ ದನಿಯ ಪರೀಕ್ಷೆ. ಇಬ್ಬರು ಸಾಕು. ಒಬ್ಬರು ರಂಗ ಬರುವ ಜಾಗದಲ್ಲಿ ನಿಂತು ನಾಟಕದ ಅತಿ ಮೆಲುದನಿಯ ಹತ್ತು ವಾಕ್ಯ ಓದಲಿ. ಇನ್ನೊಬ್ಬರು ಕೊನೆಯ ಸಾಲಿನಲ್ಲಿ, ನೆಲದ ಮೇಲೆಯೇ ಕೂತು, ಪ್ರತಿ ವಾಕ್ಯದ ಕೊನೆಯ ಪದವನ್ನು ಬರೆಯಲಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಹವ್ಯಾಸಿ ನಟರ ಉಸಿರು ಇಳಿಯುವುದೂ ಅಲ್ಲೇ. ‘ಅಪ್ಪ ಮನೆಗೆ’ ಕೇಳಿಸಿ ‘ಬಂದ’ನೋ ‘ಬರಲಿಲ್ಲ’ವೋ ತಿಳಿಯದಿದ್ದರೆ ಕಥೆಯೇ ಹೋಯಿತು. ಹತ್ತರಲ್ಲಿ ಎರಡು ತಪ್ಪಿದರೂ ಕೊನೆಯ ಸಾಲನ್ನು ಮುಂದಕ್ಕೆ ತನ್ನಿ. ಬಯಲಲ್ಲಿ ದೂರ ದುಪ್ಪಟ್ಟಾದಾಗ ದನಿ 6 ಡೆಸಿಬೆಲ್ ಇಳಿಯುತ್ತದೆ. ಮೈಕಿಲ್ಲದೆ ಹವ್ಯಾಸಿಗಳ ಮಾತಿಗೆ 12 ಮೀಟರ್ ಮಿತಿ ಎಂದು ಇಟ್ಟುಕೊಳ್ಳುವುದು ಒಳ್ಳೆಯದು.

ನಟರ ಬೆನ್ನಿಗೆ ಗೋಡೆಯೋ ಮಣ್ಣಿನ ದರೆಯೋ ಇದ್ದರೆ ದನಿಗೆ ಆಸರೆ. ಆದರೆ ಹತ್ತಿರ ಇರಬೇಕು. ಗೋಡೆಗೆ ಹೋಗಿ ಮರಳಿದ ದನಿ ಸೆಕೆಂಡಿನ ಇಪ್ಪತ್ತನೇ ಒಂದು ಭಾಗಕ್ಕಿಂತ ತಡವಾಗಿ ಬಂದರೆ ಮೂಲ ಮಾತಿನ ಜೊತೆ ಬೆರೆಯದೆ ಬೇರೆಯಾಗಿ ಕೇಳತೊಡಗುತ್ತದೆ. ಲೆಕ್ಕ ಹಾಕಿದರೆ ಗೋಡೆ ಸುಮಾರು 8 ಮೀಟರ್ ಒಳಗಿರಬೇಕು. ಪ್ರೇಕ್ಷಕರ ಬೆನ್ನ ಹಿಂದಿನ ದೂರದ ಕಾಂಕ್ರೀಟ್ ಗೋಡೆ ಇನ್ನೂ ಕೆಟ್ಟದ್ದು. ಒಂದು ಜೋರು ಚಪ್ಪಾಳೆ ಹೊಡೆದು ನೋಡಿ: ಎರಡನೆಯ ಚಪ್ಪಾಳೆ ಬಿಡಿಯಾಗಿ ಕೇಳಿಸಿದರೆ ರಂಗದ ದಿಕ್ಕು ಬದಲಿಸಿ. ಸಮುದಾಯ ಭವನಗಳಲ್ಲಿ ಖಾಲಿ ಇದ್ದಾಗಿನ ಗುಂಯ್‌ಗುಡುವಿಕೆ ಜನ ತುಂಬಿದಾಗ ಸ್ವಲ್ಪ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ತಗಡಿನ ಶೀಟಿನ ಮಾಡಿದ್ದರೆ ಒಂದು ಹನಿ ಮಳೆಗೂ ಸಂಭಾಷಣೆ ಮುಗಿಯಿತು.

ಇನ್ನು ಮಲೆನಾಡಿನ ಮನೆಯ ಅಂಗಳ. ಮೂರು ಕಡೆ ಕಟ್ಟಡ, ಒಂದು ಕಡೆ ಜಗಲಿ, ಸೆಗಣಿ ಸಾರಿಸಿದ ಗಟ್ಟಿ ನೆಲ. ನಾಟಕಕ್ಕೆ ಇದಕ್ಕಿಂತ ಚಂದದ ಜಾಗ ಇಲ್ಲ ಎನ್ನಿಸುತ್ತದೆ, ಬಹುಮಟ್ಟಿಗೆ ನಿಜವೂ ಹೌದು. ಜಗಲಿ ತಾನೇ ಎತ್ತರದ ರಂಗ, ಹೆಬ್ಬಾಗಿಲು ಪ್ರವೇಶಕ್ಕೆ, ಪಡಸಾಲೆ ಚೌಕಿಗೆ, ಅಂದರೆ ಬಣ್ಣ ಹಚ್ಚುವ ಕೋಣೆಗೆ. ಆದರೆ ಅಡಿಕೆ ಸುಗ್ಗಿಯಲ್ಲಿ, ಅಂದರೆ ನವೆಂಬರಿನಿಂದ ಜನವರಿ ದಾಟುವವರೆಗೆ, ಅಂಗಳ ಅಡಿಕೆಯದ್ದು. ಸುಲಿದು ಬೇಯಿಸಿದ್ದು ಅಲ್ಲೇ ಒಣಗಬೇಕು. ಆಗ ಕೇಳಿದರೆ ದಾಕ್ಷಿಣ್ಯಕ್ಕೆ ‘ಆಯ್ತು ಮಾರಾಯ್ರೆ’ ಎನ್ನುತ್ತಾರೆ, ಕೆಲಸ ಮಾತ್ರ ಇಬ್ಬರದೂ ಕೆಡುತ್ತದೆ. ಫೆಬ್ರವರಿ ಕೊನೆಯಿಂದ ಕೇಳಿ. ಅಂಗಳದ ನಡುವೆ ತುಳಸಿಕಟ್ಟೆ ಇದ್ದೇ ಇರುತ್ತದೆ, ಮೂರು ಅಡಿಗೆ ಕಡಿಮೆ ಇರುವುದಿಲ್ಲ. ಅದನ್ನು ಸರಿಸುವ ಮಾತಿಲ್ಲ, ಅದರ ಮೇಲೆ ಕೂರುವ, ಕಾಲಿಡುವ ದೃಶ್ಯವೂ ಬೇಡ. ನೆಲದಲ್ಲಿ ಕೂತವರ ಕಣ್ಣಿನ ಎತ್ತರ 75–80 ಸೆಂ.ಮೀ.; ಕಟ್ಟೆಯ ಹಿಂದೆ ಎಷ್ಟು ಅಗಲದ ಜಾಗ ಕಾಣದೆ ಹೋಗುತ್ತದೆ ಎಂದು ಅಲ್ಲೇ ಕೂತು ಸುಣ್ಣದಲ್ಲಿ ಗೆರೆ ಎಳೆಯಿರಿ, ಆ ತುಂಡಿನಲ್ಲಿ ಜಮಖಾನ ಹಾಸಬೇಡಿ. ನಟರು ಅಂಗಳದಲ್ಲಿ ಚಪ್ಪಲಿ ಹಾಕಬಹುದೇ ಎಂದು ಮನೆಯ ಹಿರಿಯರನ್ನು ಮೊದಲೇ ಕೇಳಿ. ಬಾವಿಗೆ ಕಟ್ಟೆ ಗಿಡ್ಡವಿದ್ದರೆ ಮುಚ್ಚಿಗೆ ಮಾಡಿಸಿ, ಒಬ್ಬರನ್ನು ಕಾವಲಿಗೆ ನಿಲ್ಲಿಸಿ. ಮಕ್ಕಳು ಕತ್ತಲಲ್ಲಿ ಓಡುತ್ತಾರೆ.

ನೂರು ಜನ ನೆಲದಲ್ಲಿ ಕೂರಲು ತಲೆಗೆ ಅರ್ಧ ಚದರ ಮೀಟರ್, ಓಡಾಡುವ ದಾರಿ ಸೇರಿ ಸುಮಾರು 65 ಚದರ ಮೀಟರ್ ಬೇಕು. ಸಮತಟ್ಟು ನೆಲದಲ್ಲಿ ಐದಾರು ಸಾಲು ದಾಟಿದರೆ ಹಿಂದಿನವರಿಗೆ ತಲೆಗಳೇ ಕಾಣುತ್ತವೆ. ಅದಕ್ಕೇ ಮುಂದೆ ಜಮಖಾನ, ಹಿಂದೆ ಕುರ್ಚಿ, ಅದರ ಹಿಂದೆ ಬೆಂಚಿನ ಮೇಲೆ ನಿಂತವರು, ಅಥವಾ ರಂಗವನ್ನೇ ಎರಡು ಎರಡೂವರೆ ಅಡಿ ಎತ್ತರಿಸುವುದು.

ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗದ್ದೆಗಳಲ್ಲಿ ಈ ಎತ್ತರ ತಾನಾಗಿ ಸಿಗುತ್ತದೆ: ಕೆಳಗಿನ ಗದ್ದೆಯಲ್ಲಿ ಆಟ, ಮೇಲಿನ ಎರಡು ಮೂರು ಗದ್ದೆಗಳಲ್ಲಿ ಜನ. ಇಲ್ಲೂ ಒಂದು ತೊಡಕಿದೆ. ರಾತ್ರಿ ತಂಪು ಗಾಳಿ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ, ಅಂದರೆ ನಟರ ದನಿಗೆ ಎದುರು. ಮೆಲ್ಲನೆಯ ಗಾಳಿಯೇ, ಆದರೂ ಊದುಬತ್ತಿ ಹಚ್ಚಿ ಹೊಗೆ ಯಾವ ಕಡೆ ಹೋಗುತ್ತದೆ ನೋಡಿ. ಎದ್ದು ಕಾಣುವಂತೆ ಜನರಿಂದ ರಂಗದ ಕಡೆ ಬೀಸಿದರೆ ಸಾಲುಗಳನ್ನು ಹತ್ತಿರ ತನ್ನಿ. ತಂಪು ಗಾಳಿಯ ಜೊತೆ ಇಬ್ಬನಿಯೂ ತಗ್ಗಿನ ಗದ್ದೆಯಲ್ಲೇ ಕೂರುತ್ತದೆ. ಜನವರಿಯಲ್ಲಿ ರಾತ್ರಿ 9ಕ್ಕೆ ಜಮಖಾನ ಒದ್ದೆ, ಹಲಗೆಯ ಮೇಲೆ ಬರಿಗಾಲು ಜಾರುತ್ತದೆ. ಕೆಳಗೆ ಟಾರ್ಪಾಲು ಹಾಸಿ, ಹಲಗೆಯ ಮೇಲೆ ಗೋಣಿ ಬಿಗಿದು ಹೊಡೆಯಿರಿ. ಕೊಯ್ಲಾದ ಕೂಡಲೇ ಗದ್ದೆ ಮೇಲೆ ಒಣಗಿ ಒಳಗೆ ಮೆತ್ತಗಿರುತ್ತದೆ: ಒಂದು ಗುದ್ದಲಿ ಆಳ ತೋಡಿ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ, ಉಂಡೆ ಕಟ್ಟಿದರೆ ಇನ್ನೂ ಎರಡು ವಾರ ತಡೆಯಿರಿ. ಕೂಳೆ ಕತ್ತರಿಸಿ ನೆಲ ಬಡಿಯಲು ನಾಲ್ಕು ಜನರಿಗೆ ಒಂದು ದಿನದ ಕೆಲಸ ಹಿಡಿಯುತ್ತದೆ. ಗದ್ದೆಗೆ ಜನವರಿ ಮಧ್ಯದಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಏಪ್ರಿಲ್ ಆದರೆ ಸಂಜೆಯ ಗುಡುಗು ಮಳೆ, ಮೊದಲ ಮಳೆಯ ಮರುದಿನ ದೀಪಕ್ಕೆ ಮುತ್ತುವ ರೆಕ್ಕೆಹುಳ. ನಾಟಕಕ್ಕೆ ಅರ್ಧ ಗಂಟೆ ಮೊದಲೇ 40 ಮೀಟರ್ ದೂರದಲ್ಲಿ ಒಂದು ಬಿಳಿ ದೀಪ ಉರಿಸಿ, ರಂಗದ ಮೇಲೆ ಹಳದಿ ಬಣ್ಣದ ಬೆಳಕು ಇಟ್ಟರೆ ಹುಳ ಕಡಿಮೆಯಾಗುತ್ತದೆ.

ಮುಸ್ಸಂಜೆಯ ಬೆಳಕನ್ನು ನಾಟಕಕ್ಕೆ ಬಳಸುವ ಆಸೆ ಇದ್ದರೆ ದಿನಾಂಕ ಮುಖ್ಯ. ಶಿವಮೊಗ್ಗದಲ್ಲಿ ಡಿಸೆಂಬರ್ ಮೊದಲ ವಾರ ಸುಮಾರು 6 ಗಂಟೆಗೆ ಸೂರ್ಯ ಮುಳುಗಿದರೆ ಏಪ್ರಿಲ್ ಕೊನೆಗೆ 6.40ರ ಹೊತ್ತಿಗೆ. ಗುಡ್ಡದ ಮಗ್ಗುಲಿನ ಊರಲ್ಲಿ ಬಿಸಿಲು ಇನ್ನೂ ಮೊದಲೇ ಹೋಗುತ್ತದೆ.

ಪೇಟೆಯಲ್ಲಿ, ಕೋಟೆ ರಸ್ತೆಯ ಸುತ್ತಮುತ್ತಲೋ ವಿನೋಬನಗರದ ಪಾರ್ಕಿನಲ್ಲೋ ಜಾಗ ನೋಡುವಾಗ ಮೊದಲ ಶತ್ರು ಬೀದಿದೀಪ. ಕಂಬ ಹತ್ತಬೇಡಿ, ಬಟ್ಟೆ ಕಟ್ಟಬೇಡಿ. ಆ ಎರಡು ಗಂಟೆ ಆರಿಸಿಕೊಡಲು ಮಹಾನಗರ ಪಾಲಿಕೆಗೆ ಕಂಬದ ಸಂಖ್ಯೆ ಬರೆದು ಅರ್ಜಿ ಕೊಡಿ. ರಸ್ತೆ ಮುಚ್ಚುವುದಾದರೆ ಸಂಚಾರ ಪೊಲೀಸರ ಒಪ್ಪಿಗೆ ಬೇಕು, ಆಂಬುಲೆನ್ಸಿಗೆ 12 ಅಡಿ ದಾರಿ ಬಿಟ್ಟೇ ಜನರನ್ನು ಕೂರಿಸಬೇಕು. ಶಿವಪ್ಪನಾಯಕನ ಅರಮನೆಯ ಮರದ ಕಂಬಗಳು ಯಾರ ಕಣ್ಣನ್ನಾದರೂ ಸೆಳೆಯುತ್ತವೆ, ಆದರೆ ಅದು ವಸ್ತುಸಂಗ್ರಹಾಲಯ. ಲಿಖಿತ ಅನುಮತಿ ಇಲ್ಲದೆ ಯೋಚನೆಯನ್ನೂ ಮಾಡಬೇಡಿ. ಸಿಕ್ಕರೂ ಮೊಳೆ, ಬಿಸಿ ದೀಪ, ಬೆಂಕಿಯ ದೃಶ್ಯ ಯಾವುದೂ ಬೇಡ. ತುಂಗೆಯ ದಂಡೆ, ಕೋರ್ಪಳಯ್ಯನ ಛತ್ರದ ಕಡೆ, ಬೇಸಿಗೆಯಲ್ಲಿ ಮಾತ್ರ. ಮಳೆಗಾಲದಲ್ಲಿ ಗಾಜನೂರು ಅಣೆಕಟ್ಟೆಯಿಂದ ನೀರು ಬಿಟ್ಟಾಗ ಹೊಳೆ ಬೇಗ ಏರುತ್ತದೆ. ಬೇಸಿಗೆಯಲ್ಲೂ ಹೊಳೆಯ ಕಡೆ ಹಗ್ಗ ಕಟ್ಟಿ.

ಕರೆಂಟಿನ ವಿಷಯಕ್ಕೆ ಅಂದಾಜು ಸಾಲದು, ಲೆಕ್ಕವೇ ಬೇಕು. 1000 ವಾಟಿನ ಎಂಟು ಹ್ಯಾಲೊಜನ್ ದೀಪ ಎಂದರೆ 8 ಕಿಲೋವಾಟ್, 230 ವೋಲ್ಟಿಗೆ ಸುಮಾರು 35 ಆಂಪಿಯರ್. ಮನೆಯ 16 ಆಂಪಿಯರ್ ಪ್ಲಗ್ಗಿನಿಂದ ಇದು ಆಗದು. ವಿದ್ಯುತ್ ಕಂಪನಿ ಮೆಸ್ಕಾಂನ ತಾತ್ಕಾಲಿಕ ಸಂಪರ್ಕ ಅಥವಾ ಜನರೇಟರ್ ಬೇಕು. 150 ವಾಟಿನ ಹನ್ನೆರಡು ಎಲ್‌ಇಡಿ ಪಾರ್ ದೀಪ 1.8 ಕಿಲೋವಾಟ್ ಮಾತ್ರ, ಒಂದೇ ಪ್ಲಗ್ಗು ಸಾಕು. ಕೇರಿಯ ನಾಟಕಕ್ಕೆ ಎಲ್‌ಇಡಿಯೇ ಸರಿ. ಪ್ಲಗ್ಗಿನಿಂದ ರಂಗಕ್ಕೆ ದೂರ ಅಳೆಯುವುದನ್ನು ಮರೆಯುವವರೇ ಹೆಚ್ಚು. 2.5 ಚದರ ಮಿ.ಮೀ. ತಂತಿಯಲ್ಲಿ 50 ಮೀಟರ್ ದೂರಕ್ಕೆ 16 ಆಂಪಿಯರ್ ಎಳೆದರೆ 14 ವೋಲ್ಟಿನಷ್ಟು ಕಳೆಯುತ್ತದೆ, ಹಳ್ಳಿಯಲ್ಲಿ ಮೊದಲೇ ಕಡಿಮೆ ಇರುವ ವೋಲ್ಟೇಜು ಇನ್ನೂ ಇಳಿಯುತ್ತದೆ. 4 ಚದರ ಮಿ.ಮೀ. ತಂತಿಯಲ್ಲಿ 9 ವೋಲ್ಟು. ಹಾಗೆಯೇ ಸಂಜೆ 7ರ ವೋಲ್ಟೇಜನ್ನು ಮೀಟರಿನಲ್ಲಿ ನೋಡಿ ಬರೆದುಕೊಳ್ಳಿ. ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಪ್ಲಗ್ಗಿದ್ದರೂ ಅರ್ಥಿಂಗ್ ಇರುವುದಿಲ್ಲ. ಇಬ್ಬನಿಯ ನೆಲದಲ್ಲಿ ಬರಿಗಾಲಿನ ನಟರಿರುವಾಗ ಇದು ಪ್ರಾಣದ ಪ್ರಶ್ನೆ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಪರೀಕ್ಷಿಸಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ಹಾಕಿಸಿದ ಮೇಲೆಯೇ ದೀಪ ಕಟ್ಟಿ.

ಒಪ್ಪಿಗೆಯ ಕಾಗದಗಳು: ಜಾಗದವರದ್ದು, ಪಾಲಿಕೆ ಅಥವಾ ಗ್ರಾಮ ಪಂಚಾಯಿತಿಯದ್ದು, ಮೈಕಿಗೆ ಪೊಲೀಸ್ ಠಾಣೆಯದ್ದು. ಸರ್ಕಾರಿ ಶಾಲೆಯ ಬಯಲಾದರೆ ಮುಖ್ಯೋಪಾಧ್ಯಾಯರ ಜೊತೆ ಶಾಲಾಭಿವೃದ್ಧಿ ಸಮಿತಿ ಎಸ್‌ಡಿಎಂಸಿಯನ್ನೂ ಕೇಳಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಎರಡು ಗಂಟೆಯ ನಾಟಕ 7.30ಕ್ಕೆ ತಪ್ಪದೆ ಶುರುವಾಗಬೇಕು. ಕಾಗದದಷ್ಟೇ ಮುಖ್ಯ ಸುತ್ತಲಿನ ಮನೆಗಳು. ಯಾರ ಮನೆಯಲ್ಲಿ ಎಸ್ಸೆಸ್ಸೆಲ್ಸಿ ಮಗುವಿದೆ, ಯಾರಿಗೆ ಹುಷಾರಿಲ್ಲ, ಎಲ್ಲಿ ಸೂತಕ, ಯಾವ ದಿನ ಬಯಲಾಟ, ಯಾವ ವಾರ ಮಾರಿಜಾತ್ರೆ, ಇವೆಲ್ಲ ಮನೆಮನೆಗೆ ಹೋಗಿ ಚಾ ಕುಡಿದರಷ್ಟೇ ಗೊತ್ತಾಗುವ ಸಂಗತಿ. ಹೆಂಗಸರಿಗೆ ಶೌಚಾಲಯ ಎಲ್ಲಿ ಎಂಬುದನ್ನೂ ಆಗಲೇ ಕೇಳಿ. ಉತ್ತರ ಸಿಗದಿದ್ದರೆ ಆ ಜಾಗ ಬೇಡ.

ಅಳತೆ ತೆಗೆಯುವಾಗ 30 ಮೀಟರ್ ಟೇಪಿನಲ್ಲಿ ಎರಡು ಅಲುಗದ ಗುರುತುಗಳಿಂದ, ಉದಾಹರಣೆಗೆ ಜಗಲಿಯ ಎರಡು ಕಂಬಗಳಿಂದ, ಪ್ರತಿ ಮೂಲೆಗೂ ದೂರ ಅಳೆಯಿರಿ. ಅಂಗಳಗಳು ಚೌಕವಾಗಿರುವುದು ಅಪರೂಪ. ಉದ್ದ ಅಗಲ ಮಾತ್ರ ಅಳೆದರೆ ಪರದೆಯ ಚೌಕಟ್ಟು ಕಟ್ಟುವ ದಿನ ಅರ್ಧ ಮೀಟರ್ ತಪ್ಪುತ್ತದೆ. ಮೀಟರಿಗೆ 2 ಸೆಂ.ಮೀ. ಲೆಕ್ಕದಲ್ಲಿ ಗ್ರಾಫ್ ಕಾಗದದಲ್ಲಿ ಬಿಡಿಸಿ, ಅದನ್ನೇ ತಾಲೀಮಿನ ನೆಲದ ಮೇಲೆ ಸುಣ್ಣದಲ್ಲಿ ಎಳೆಯಿರಿ. ಪ್ರದರ್ಶನಕ್ಕೆ ಎರಡು ವಾರ ಮುಂಚೆ ಮತ್ತೊಮ್ಮೆ ಹೋಗಿ. ಅಷ್ಟರಲ್ಲಿ ಅಲ್ಲಿ ಜಲ್ಲಿ ಸುರಿದಿರಬಹುದು, ಹೊಸ ಬೇಲಿ ಬಂದಿರಬಹುದು, ಪಕ್ಕದಲ್ಲಿ ಮನೆ ಕಟ್ಟಲು ಶುರುಮಾಡಿರಬಹುದು.

ಕಟ್ಟುವ ಸಾಮಾನಿನ ಪಟ್ಟಿಯಲ್ಲಿ ಒಂದು ದೊಡ್ಡ ಅಯಸ್ಕಾಂತವನ್ನೂ ಸೇರಿಸಿ. ಸ್ಪೀಕರಿನಿಂದ ಬಿಚ್ಚಿದ್ದಾದರೂ ಸಾಕು, ಹಗ್ಗ ಕಟ್ಟಿ ನೆಲದ ಮೇಲೆ ಎಳೆಯುವುದಕ್ಕೆ. ನಾಟಕ ಮುಗಿದು, ಗೂಟ ಕಿತ್ತ ಗುಂಡಿಗಳನ್ನು ಮುಚ್ಚಿದ ಮೇಲೆ, ಬೆಳಕು ಹರಿದಾಗ, ಅಂಗಳವನ್ನು ಅಥವಾ ಗದ್ದೆಯನ್ನು ಎರಡು ಸಲ, ಒಮ್ಮೆ ಉದ್ದಕ್ಕೆ ಒಮ್ಮೆ ಅಡ್ಡಕ್ಕೆ, ಗುಡಿಸಿದ ಹಾಗೆ ಎಳೆಯಬೇಕು. ಹುಲ್ಲಿನ ಜೊತೆ ಮೊಳೆ ನುಂಗಿದ ಹಸು ಸಾಯಬಹುದು.