ಕಮ್ಮಿ ಆಗಿಲ್ಲ ಅಂದ ಮಾತ್ರಕ್ಕೆ

"ಕಮ್ಮೀನೇ ಆಗಿಲ್ಲಲ್ಲಪ್ಪ, ಯಾಕ ಬದ್ಲಿ ಮಾಡ್ಬೇಕು?"

ಗ್ಯಾರೇಜಿನಲ್ಲಿ ನಿಂತು ಬ್ರೇಕ್ ಆಯಿಲ್ ಬಗ್ಗೆ ನಮ್ಮ ಮಾವ ಕೇಳಿದ ಈ ಮಾತು ವಾರವೆಲ್ಲ ನನ್ನ ತಲೆಯಲ್ಲೇ ಇದೆ. ಮಾವ ದಡ್ಡರಲ್ಲ. ಅವರ 2004ರ ಮಾರುತಿ 800 ಇವತ್ತಿಗೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಇಂಜಿನ್ ಆಯಿಲ್ ಬದಲಿಸುವುದು ಒಂದು ದಿನವೂ ತಡ ಆಗಲ್ಲ. ಬ್ರೇಕ್ ಆಯಿಲ್ ಮಾತ್ರ ಅವರಿಗೆ ಡಬ್ಬಿ ಮೇಲಿನ ಎರಡು ಗೆರೆ ಅಷ್ಟೇ. ಗೆರೆಗಳ ನಡುವೆ ಇದ್ದರೆ ಚಿಂತೆ ಇಲ್ಲ.

ಭಾನುವಾರ ಸಂಡೂರಿನ ಕುಮಾರಸ್ವಾಮಿ ಗುಡಿಗೆ ಹೋಗಿ ಬೆಟ್ಟ ಇಳಿಯುತ್ತಿದ್ದೆವು. ಮಾವನೇ ಓಡಿಸುತ್ತಿದ್ದರು. ಪೆಟ್ರೋಲ್ ಉಳಿಯುತ್ತದೆ ಅಂತ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವುದು ಅವರ ಹಳೆ ಅಭ್ಯಾಸ. ನನಗೆ ಇದು ಯಾವತ್ತೂ ಹಿಡಿಸಿಲ್ಲ. ಗೇರಿನ ಹಿಡಿತ ಬಿಟ್ಟರೆ ಗಾಡಿಯ ಭಾರವೆಲ್ಲ ಬ್ರೇಕ್ ಮೇಲೆ ಬೀಳುತ್ತದೆ, ಅಲ್ವಾ? ಅರ್ಧ ಇಳಿಯುವಷ್ಟರಲ್ಲಿ ಪೆಡಲ್ ಮೆತ್ತಗಾಯಿತು. ತುಳಿದಷ್ಟೂ ಒಳಗೆ ಹೋಗುತ್ತಿತ್ತು. ಮಾವ ಗಾಬರಿಯಾಗದೆ ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು ಪಕ್ಕಕ್ಕೆ ನಿಲ್ಲಿಸಿದರು. ಆ ಧೈರ್ಯಕ್ಕೆ ಅವರನ್ನು ಮೆಚ್ಚಲೇಬೇಕು. ಬ್ರೇಕ್ ತಣ್ಣಗಾದ ಮೇಲೆ ಪೆಡಲ್ ಮತ್ತೆ ಗಟ್ಟಿಯಾಯಿತು. "ನೋಡು, ಸರಿ ಆಯ್ತು" ಅಂದರು. ನನಗೆ ಆ ಮಾತಿಗೇ ಜಾಸ್ತಿ ಭಯವಾಯಿತು.

ಗೇರಿನಲ್ಲೇ ನಿಧಾನಕ್ಕೆ ಬಳ್ಳಾರಿ ಸೇರಿಸಿದೆವು. ಮರುದಿನ ಹಟ ಹಿಡಿದು ಕೌಲ್ ಬಜಾರ್ ಕಡೆಯ ಒಂದು ಸಣ್ಣ ಗ್ಯಾರೇಜಿಗೆ ಕರೆದೊಯ್ದೆ. ಮೆಕ್ಯಾನಿಕ್ ಇನ್ನೂ ಹುಡುಗ. ಡಬ್ಬಿಯ ಮುಚ್ಚಳ ತೆಗೆದು ನೋಡಿದ. ಕಾಫಿ ಡಿಕಾಕ್ಷನ್ ಬಣ್ಣ. "ಯಜಮಾನ್ರೇ, ಇದು ಬದ್ಲಿ ಮಾಡ್ಬೇಕ್ರಿ" ಅಂದ. ಆಗಲೇ ಮಾವ ಆ ಮಾತು ಕೇಳಿದ್ದು.

ಕಮ್ಮಿ ಆಗಿಲ್ಲ, ನಿಜ. ಎಲ್ಲೂ ಸೋರುತ್ತಿಲ್ಲ, ಪ್ಯಾಡ್ ಜಾಸ್ತಿ ಸವೆದಿಲ್ಲ ಅಂತ ಅದರ ಅರ್ಥ. ಪ್ಯಾಡ್ ಸವೆದಂತೆ ಆಯಿಲ್ ಮಟ್ಟ ತಾನಾಗೇ ಇಳಿಯುತ್ತದೆ. ಒಳಗಿನ ಆಯಿಲ್ ಹೇಗಿದೆ ಅನ್ನುವುದನ್ನು ಮಟ್ಟ ಹೇಳುವುದಿಲ್ಲ. ಅದು ಗಾಳಿಯ ತೇವವನ್ನು ಹೀರುತ್ತದೆ. ರಬ್ಬರ್ ಹೋಸ್‌ಗಳ ಮೂಲಕವೂ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ತೇವ ಸೇರುತ್ತದೆ. "ನಮ್ಮ ಬಳ್ಳಾರಿ ಬಿಸಿಲಾಗ ನೀರೆಲ್ಲಿಂದ ಬರ್ತದೋ?" ಅಂದರು ಮಾವ. ಮಳೆಗಾಲ ನಮ್ಮೂರಿಗೂ ಇದೆಯಲ್ಲ. ಬ್ರೇಕ್ ಆಯಿಲಿನ ದರ್ಜೆಗೆ ಡಾಟ್ ಅಂತಾರೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಅನ್ನುವುದು ನಿಯಮ. ನೂರಕ್ಕೆ ನಾಲ್ಕು ಪಾಲಿನಷ್ಟು ನೀರು ಸೇರಿದರೆ ಅದು 140ರ ಹತ್ತಿರಕ್ಕೆ ಇಳಿಯಬಹುದು. ಬೆಟ್ಟ ಇಳಿಯುವ ಬ್ರೇಕಿಗೆ ಅಷ್ಟು ಬಿಸಿ ಏರುವುದು ಕಷ್ಟವಲ್ಲ. ಆಯಿಲ್ ಕುದ್ದರೆ ಆವಿ. ಆವಿಯನ್ನು ಅದುಮಬಹುದು, ಹಾಗಾಗಿ ನಮ್ಮ ಕಾಲಿನ ಬಲ ಚಕ್ರ ಮುಟ್ಟುವುದಿಲ್ಲ. ತಣ್ಣಗಾದರೆ ಆವಿ ಮತ್ತೆ ದ್ರವ, ಪೆಡಲ್ ಗಟ್ಟಿ. "ಸರಿ ಆಯ್ತು" ಅಂದದ್ದು ಇದನ್ನೇ.

ಮುಚ್ಚಳದ ಮೇಲೆ ಡಾಟ್ 3 ಅಂತಿತ್ತು. ಪಕ್ಕದಲ್ಲಿ ಟೀ ಕುಡಿಯುತ್ತಿದ್ದವರೊಬ್ಬರು "ಡಾಟ್ 5 ಹಾಕಿಸ್ರಿ, ನಂಬರ್ ಜಾಸ್ತಿ ಇದ್ದಷ್ಟೂ ಒಳ್ಳೇದು" ಅಂದರು. ಕೇಳದೇ ಸಲಹೆ ಕೊಡುವವರಿಂದಲೇ ಎಷ್ಟೋ ಗಾಡಿ ಹಾಳಾಗುತ್ತವೆ. ಡಾಟ್ 5 ಸಿಲಿಕೋನ್‌ನದು. 3, 4ರ ಜೊತೆ ಬೆರೆಸಲೇಬಾರದು. ಡಾಟ್ 5.1 ಬೇರೆ, ಅದು 3, 4ರ ಜಾತಿಗೇ ಸೇರಿದ್ದು. ಹುಡುಗ ಡಾಟ್ 4 ಆರಿಸಿದ. ಡಾಟ್ 3ರ ಜಾಗಕ್ಕೆ ಅದು ಹೊಂದುತ್ತದೆ, ಹೊಸದರಲ್ಲಿ ಕನಿಷ್ಠ 230 ಡಿಗ್ರಿ ತಡೆಯುತ್ತದೆ.

ಅಲ್ಲೇ ಶೆಲ್ಫಿನಲ್ಲಿ ಅರ್ಧ ಬಾಟಲಿ ಇತ್ತು. ಮಾವ ಕೈ ತೋರಿಸಿ, "ಅದನ್ನೇ ಹಾಕಪ್ಪ, ಸುಮ್ನೆ ಹೊಸದ್ಯಾಕ?" ಅಂದರು. "ಅದು ಯಾವಾಗ್ಲೋ ಓಪನ್ ಮಾಡಿದ್ದು ರೀ, ಬ್ಯಾಡ" ಅಂದ. ಹಾಕಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಒಂದು "ಬ್ಯಾಡ" ಕೇಳಿ ನನಗೆ ಅವನ ಮೇಲೆ ಗೌರವ ಹುಟ್ಟಿತು. ಗಾಡಿ ಒರೆಸಿ ಮಿಂಚಿಸಿ ಕೊಡುವ ದೊಡ್ಡ ಜಾಗಗಳಲ್ಲೂ ಇಂಥ ಮಾತು ನಾನು ಕೇಳಿಲ್ಲ.

ಡಬ್ಬಿಯ ಹಳೆ ಆಯಿಲ್ ಹೀರಿ ತೆಗೆದು ಹೊಸದು ತುಂಬಿದ. ಹಿಂದಿನ ಎಡ ಚಕ್ರದಿಂದ ಶುರು ಮಾಡಿದ, ಅದು ಎಲ್ಲಕ್ಕಿಂತ ದೂರ. ನಾನು ಪೆಡಲ್ ತುಳಿದು ಹಿಡಿಯಬೇಕು, ಅವನು ಚಕ್ರದ ಹತ್ತಿರ ಆಯಿಲ್ ಹೊರಬಿಡುವ ನಿಪ್ಪಲ್ ಸಡಿಲಿಸಿ ಬಿಗಿ ಮಾಡಬೇಕು, ಆಮೇಲೇ ನಾನು ಕಾಲು ಎತ್ತಬೇಕು. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟಿದ್ದ. ಪೆಡಲ್ ತುಳಿದಾಗ ಆಯಿಲ್ ತಳ್ಳುವುದು ಮಾಸ್ಟರ್ ಸಿಲಿಂಡರ್. ಹಳೆಯದಾದರೆ ಅದರಲ್ಲಿ ಯಾವತ್ತೂ ಪಿಸ್ಟನ್ ಹೋಗದ ಜಾಗದಲ್ಲಿ ತುಕ್ಕು ಇರುತ್ತದಂತೆ. ಪೂರ್ತಿ ತುಳಿದರೆ ಪಿಸ್ಟನ್ನಿನ ರಬ್ಬರ್ ಅಲ್ಲಿಗೆ ಹೋಗಿ ಹರಿದುಹೋಗುತ್ತದೆ. ಪೇಂಟ್ ಮೇಲೆ ಒಂದು ಹನಿ ಬಿದ್ದಾಗ ಓಡಿಹೋಗಿ ನೀರು ಸುರಿದ, ಇಲ್ಲದಿದ್ದರೆ ಪೇಂಟ್ ಕಿತ್ತುಬರುತ್ತದೆ. ಪೈಪಿನಲ್ಲಿ ಕಪ್ಪು ಹೋಗಿ ತಿಳಿ ಬಣ್ಣ ಬರುವುದನ್ನು ಮಾವ ಬಗ್ಗಿ ನೋಡಿದರು. ಏನೂ ಮಾತಾಡಲಿಲ್ಲ.

ಕೂಲಿ ಕೊಡುವಾಗ ನೂರು ರೂಪಾಯಿ ಬಿಡು ಅಂತ ಚೌಕಾಸಿ ಮಾಡಿದರು. ನಾನು ಬಿಡಲಿಲ್ಲ, ಕೇಳಿದಷ್ಟು ಕೊಟ್ಟೆ. ಪ್ರಾಣಕ್ಕೆ ಸಂಬಂಧಿಸಿದ ಕೆಲಸಕ್ಕೆ ಚೌಕಾಸಿ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸುವುದಕ್ಕೆ ಮಾವ ಈಗ ಒಪ್ಪಿದ್ದಾರೆ. ನ್ಯೂಟ್ರಲ್ ವಿಷಯದಲ್ಲಿ ಮಾತ್ರ ನಮ್ಮ ಜಗಳ ಇನ್ನೂ ಮುಗಿದಿಲ್ಲ. ಅವರದು ಪೆಟ್ರೋಲನ್ನು ಕಂಪ್ಯೂಟರ್ ಲೆಕ್ಕ ಹಾಕಿ ಚಿಮ್ಮಿಸುವ ಎಂಪಿಎಫ್‌ಐ ಇಂಜಿನ್. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟು ಇಳಿದರೆ ಪೆಟ್ರೋಲ್ ಚಿಮ್ಮುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಇಂಜಿನ್ ಆರದಂತೆ ಸ್ವಲ್ಪ ಉರಿಯುತ್ತಲೇ ಇರಬೇಕು. ಉಳಿತಾಯ ಯಾವ ಕಡೆ ಅಂತ ಇನ್ನೊಂದು ಸಲ ಕೂತು ಹೇಳಬೇಕು. ಅಲ್ಲಿವರೆಗೆ ಸಂಡೂರು ಬೆಟ್ಟ ಇಳಿಯುವಾಗ ಸ್ಟೀರಿಂಗ್ ನನ್ನ ಕೈಯಲ್ಲಿರುತ್ತದೆ.